ಭಾವ, ಕಪ್ಪು ಬಣ್ಣ ನಂಬಿ ಚಾಕು ತಗೋಬೇಡಿ

ಭಾವ, ನಿಮ್ಮ ಮೆಸೇಜ್ ಈಗ ನೋಡಿದೆ. ಮಳೆಗಾಲದಲ್ಲಿ ಮೆಣಸಿನ ಬಳ್ಳಿ ಕಟ್ಟುವಾಗ ದಾರ ಕತ್ತರಿಸಲು ಜೇಬಿಗೊಂದು ಮಡಚುವ ಚಾಕು ಬೇಕು, ಕಪ್ಪು ಅಲಗಿನದಕ್ಕೆ ತುಕ್ಕೇ ಹಿಡಿಯಲ್ಲ ಅಂತ ಅಂಗಡಿಯಲ್ಲಿ ಹೇಳಿದರು, ತಗೊಳ್ಳಲಾ ಎಂದು ಕೇಳಿದ್ದೀರಿ. ಬೇಡ ಭಾವ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳಿ.

ಆ ಕಪ್ಪು ಇರುವುದು ಅಲಗಿನ ಮೈಮೇಲೆ ಮಾತ್ರ. ಹರಿತ ಮಾಡಿರುವ ಅಂಚು ನೋಡಿ, ಬಿಳಿ ಉಕ್ಕು ಕಾಣುತ್ತದೆ ಅಲ್ವಾ? ಅಲ್ಲಿ ಯಾವ ಲೇಪವೂ ಇಲ್ಲ. ನಮಗೆ ಬೇಕಾಗಿರುವುದೇ ಆ ಅಂಚು. ಕಪ್ಪಿನಲ್ಲೂ ಬೇರೆ ಬೇರೆ ಇದೆ. ಡಿಎಲ್‌ಸಿ ಎಂಬುದು ವಜ್ರದಂಥ ಕಾರ್ಬನ್ ಲೇಪ, ತೆಳು, ಆದರೆ ಗಟ್ಟಿ, ಬೇಗ ಸವೆಯಲ್ಲ. ಬ್ಲ್ಯಾಕ್ ಆಕ್ಸೈಡ್, ಅಂದರೆ ರಾಸಾಯನಿಕದಿಂದ ಉಕ್ಕಿನ ಮೈಯನ್ನೇ ಕಪ್ಪು ಮಾಡಿದ್ದು, ಆದರೆ ಮೇಲೆ ಎಣ್ಣೆ ಇದ್ದಷ್ಟು ದಿನ ಮಾತ್ರ ಕೆಲಸಕ್ಕೆ ಬರುತ್ತದೆ. ಕಮ್ಮಿ ಬೆಲೆಯದಕ್ಕೆ ಬರೀ ಪೇಂಟ್ ಹೊಡೆದಿರುವುದೂ ಉಂಟು.

ಇನ್ನೊಂದು ಫೋಟೋ ಕಳಿಸಿದಿರಲ್ಲ, ಬೂದಿ ಬಣ್ಣದ್ದು, ಹೊಳಪೇ ಇಲ್ಲದ್ದು, ಅದಂತೂ ಮುಟ್ಟಲೇಬೇಡಿ. ಅದು ಬೀಡ್ ಬ್ಲಾಸ್ಟ್. ಸಣ್ಣ ಗಾಜಿನ ಮಣಿಗಳನ್ನು ರಭಸದಿಂದ ಹೊಡೆದು ಹಾಗೆ ಮಾಡುತ್ತಾರೆ. ಒಣ ಬಟ್ಟೆಯಿಂದ ಒರೆಸಿ ನೋಡಿ, ಬಟ್ಟೆ ಸಲೀಸಾಗಿ ಜಾರುವುದಿಲ್ಲ, ತಡೆಯುತ್ತದೆ. ಮೈತುಂಬ ಕಣ್ಣಿಗೆ ಕಾಣದ ಗುಳಿಗಳು. ಮಳೆನೀರು, ಕೈಬೆವರಿನ ಉಪ್ಪು ಎಲ್ಲ ಅಲ್ಲೇ ಕೂರುತ್ತದೆ. ಒಂದೇ ಉಕ್ಕಿನ ಚಾಕುಗಳಲ್ಲಿ ಸಣ್ಣ ಕಂದು ಚುಕ್ಕಿ ಮೊದಲು ಏಳುವುದು ಇದರ ಮೇಲೇ. ಕನ್ನಡಿಯಂಥ ಪಾಲಿಶ್ ಇದ್ದರೆ ನೀರು ನಿಲ್ಲಲು ಜಾಗ ಇಲ್ಲ, ತುಕ್ಕಿಗೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಗೀರು ಮಾತ್ರ ಎದ್ದು ಕಾಣುತ್ತದೆ. ನಮ್ಮ ತೋಟದ ಕೆಲಸಕ್ಕೆ ಸ್ಯಾಟಿನ್, ಅಂದರೆ ನಯವಾಗಿ ಉಜ್ಜಿದ ಮಂದ ಹೊಳಪಿನದು, ಸಾಕು. ಸ್ಟೋನ್‌ವಾಶ್, ಅಂದರೆ ಸಣ್ಣ ಕಲ್ಲುಗಳ ಜೊತೆ ಉರುಳಿಸಿದ್ದು, ಆದರೂ ಪರವಾಗಿಲ್ಲ, ಗೀರು ಮುಚ್ಚಿಹೋಗುತ್ತದೆ.

ಆದರೆ ಬಣ್ಣ, ಹೊಳಪಿಗಿಂತ ಮೊದಲು ಉಕ್ಕು ಯಾವುದು ಎಂದು ಕೇಳಿ. ಡಿ2 ಎಂದು ಬರೆದಿದ್ದರೆ ಅದರಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಸುಮಾರು ಶೇಕಡಾ 12 ಇದೆ, ಆದರೂ ಅದು ಸ್ಟೇನ್‌ಲೆಸ್ ಅಲ್ಲ. ಕಾರ್ಬನ್ ಶೇಕಡಾ 1.5ರಷ್ಟು ಇರುವುದರಿಂದ ಕ್ರೋಮಿಯಂನ ಸಾಕಷ್ಟು ಭಾಗ ಅದರ ಜೊತೆ ಸೇರಿಕೊಂಡುಬಿಡುತ್ತದೆ, ತುಕ್ಕು ತಡೆಯಲು ಉಳಿಯುವುದು ಕಮ್ಮಿ. ಹರಿತ ಚೆನ್ನಾಗಿ ನಿಲ್ಲುತ್ತದೆ ನಿಜ, ಆದರೆ ಕಕ್ಕಡ ತಿಂಗಳ ಜೋರು ಮಳೆಯಲ್ಲಿ ದಿನಾ ಒರೆಸುತ್ತಾ ಕೂರಬೇಕು. 12ಸಿ27 ಎಂಬ ಉಕ್ಕಿನಲ್ಲಿ ಕಾರ್ಬನ್ ಶೇಕಡಾ 0.6, ಕ್ರೋಮಿಯಂ 13.5. ಇದು ನಮಗೆ ಸರಿ. ಫ್ರಾನ್ಸಿನ ಒಪಿನೆಲ್ ಚಾಕುವಿನ ಸ್ಟೇನ್‌ಲೆಸ್ ಅಲಗು ಇದೇ ಉಕ್ಕಿನದು. ಹಿಡಿ ಮಾತ್ರ ಮರದ್ದು. ನೆನೆದರೆ ಊದಿಕೊಂಡು ಅಲಗನ್ನು ಹಿಡಿದುಬಿಡುತ್ತದೆ, ಅದಕ್ಕೇ ತೋಟಕ್ಕೆ ನಾನು ಹೇಳಲ್ಲ. ಒಪಿನೆಲ್‌ನ ಸ್ಟೇನ್‌ಲೆಸ್ ಅಲ್ಲದ ಕಾರ್ಬನ್ ಉಕ್ಕಿನ ಅಲಗಂತೂ ಕಿತ್ತಳೆ ಹೆಚ್ಚಿದರೆ, ನಮ್ಮ ಅಡುಗೆಯ ಹುಳಿ ಕಾಚಂಪುಳಿ ತಾಗಿದರೆ ಕಪ್ಪಾಗುತ್ತದೆ. ಆ ಕಪ್ಪು ಕೆಡುಕಲ್ಲ, ಕೆಂಪು ತುಕ್ಕನ್ನು ಸ್ವಲ್ಪ ನಿಧಾನ ಮಾಡುತ್ತದೆ.

ಇನ್ನೊಂದು ವಿಷಯ. ಸ್ಟೇನ್‌ಲೆಸ್ ಚಾಕುವಿಗೂ ಕೀಲಿನಲ್ಲಿ ತುಕ್ಕು ಬರುತ್ತದೆ. ಕ್ರೋಮಿಯಂ ಗಾಳಿ ತಾಗಿ ಮೇಲೆ ಒಂದು ತೆಳು ಪದರ ಕಟ್ಟಿಕೊಳ್ಳುತ್ತದೆ, ಗೀರಿದರೂ ಮತ್ತೆ ಕಟ್ಟುತ್ತದೆ. ಕೀಲಿನ ಸಂದಿಯಲ್ಲಿ ಒದ್ದೆ ಮಣ್ಣು ತುಂಬಿದರೆ ಗಾಳಿ ಎಲ್ಲಿಂದ ಬರಬೇಕು? ಮನೆಗೆ ಬಂದ ಮೇಲೆ ಅಲಗು ಬಿಚ್ಚಿ, ಕೀಲನ್ನು ನಲ್ಲಿ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒತ್ತಿ, ಬಿಚ್ಚಿದ ಹಾಗೆಯೇ ಒಲೆ ಹತ್ತಿರ ಇಡಿ. ತುಂಬ ಹತ್ತಿರ ಬೇಡ. ಒಣಗಿದ ಮೇಲೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಡಿ. ತೆಂಗಿನೆಣ್ಣೆ ಬೇಡ, ಮಡಿಕೇರಿ ಚಳಿಗೆ ಗಟ್ಟಿಯಾಗುತ್ತದೆ. ಚರ್ಮದ ಚೀಲದಲ್ಲಿಟ್ಟು ಮಳೆಗಾಲ ಪೂರ್ತಿ ಮರೆಯಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಅಲಗಿನ ಬುಡದಲ್ಲಿ ಸಾಮಾನ್ಯವಾಗಿ ಉಕ್ಕಿನ ಹೆಸರು ಕೊರೆದಿರುತ್ತಾರೆ. ದುಡ್ಡು ಕೊಡುವ ಮೊದಲು ಅದರ ಫೋಟೋ ತೆಗೆದು ಕಳಿಸಿ ಭಾವ, ನೋಡಿ ಹೇಳುತ್ತೇನೆ.