ಹೈಸ್ಕೂಲ್ ಮಕ್ಳಿಗೆ ಊರಲ್ಲಿ ಏನ್ ಮಾಡ್ಬೋದು?

ಕಲ್ಪತರು_ಅಪ್ಪ: ನಮ್ದು ತಿಪಟೂರು ಹತ್ರ ಹಳ್ಳಿ. ಒಂಬತ್ತು, ಹತ್ತನೇ ಕ್ಲಾಸ್ ಹುಡುಗ್ರು ಸ್ಕೂಲ್ ಬಿಟ್ಮೇಲೆ ಅರಳಿಕಟ್ಟೆ ಮೇಲೆ ಕೂತು ಮೊಬೈಲ್ ಗೇಮ್ ಆಡ್ತಾರೆ, ಬೈದ್ರೆ ಎದ್ದೋಗಿ ದೇವಸ್ಥಾನದ ಹಿಂದೆ ಕೂರ್ತಾರೆ ಅಷ್ಟೆ. ನಾವ್ ನಾಲ್ಕು ಜನ ದುಡ್ಡು ಹಾಕಿ ಕೇರಂ ಬೋರ್ಡ್ ತಂದಿಟ್ವಿ, ಎರಡೇ ವಾರಕ್ಕೆ ಸ್ಟ್ರೈಕರ್ ನಾಪತ್ತೆ. ನಿಮ್ಮೂರಲ್ಲಿ ಏನ್ ಮಾಡಿದೀರಾ?

ಪೀಟಿ_ಮೇಷ್ಟ್ರು: ಮೊದ್ಲು ಅವ್ರನ್ನ ಕೇಳಿದ್ರಾ ಸಾರ್? ನಾವೂ ಕೇಳ್ದೆ ವಾಲಿಬಾಲ್ ನೆಟ್ ಕಟ್ಟಿದ್ವಿ, ಬಂದಿದ್ದೆಲ್ಲಾ ನನ್ ವಯಸ್ಸಿನ ಹೊಟ್ಟೆ ಅಂಕಲ್‌ಗಳು. ಆಮೇಲೆ ಹುಡುಗ್ರೇ ಹೇಳಿದ್ರು, ಟ್ಯೂಷನ್ ಮುಗಿಯೋದೇ ಏಳಕ್ಕೆ, ಲೈಟ್ ಹಾಕ್ಸಿ ಅಂತ. ಎರಡು ಫ್ಲಡ್‌ಲೈಟ್ ಹಾಕಿದ್ಮೇಲೆ ಈಗ ಟೀಮಲ್ಲಿ ಜಾಗಕ್ಕೇ ಜಗಳ. 5ರಿಂದ 17 ವರ್ಷದವ್ರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಗ್ಗಿಸೋ ಚಟುವಟಿಕೆ ಬೇಕು ಅಂತ ಡಬ್ಲ್ಯುಎಚ್‌ಒನೇ ಹೇಳತ್ತೆ, ನಮ್ ಸ್ಕೂಲಲ್ಲಿ ಪೀಟಿ ಪೀರಿಯಡ್ಡನ್ನ ಗಣಿತದವ್ರು ಕಿತ್ಕೋತಾರೆ.

ಮಲ್ನಾಡ್_ಅಕ್ಕ: ಬರೀ ಹುಡುಗ್ರು ಹುಡುಗ್ರು ಅಂತೀರಲ್ಲ, ಹೆಣ್ಮಕ್ಳು ಏಳು ಗಂಟೆಗೆ ಲೈಟ್ ಇದ್ರೂ ಬರಲ್ಲ, ಮನೇಲಿ ಬಿಡಲ್ಲ. ನಾವು ಭಾನುವಾರ ಬೆಳಿಗ್ಗೆ ಪಂಚಾಯ್ತಿ ಲೈಬ್ರರೀಲಿ, ಅದೇ ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿ ಚೆಸ್ಸು, ನಾಟಕ ಶುರು ಮಾಡಿದ್ವಿ. ಮೊದಲ್ನೇ ವಾರ ಮೂರೇ ಜನ, ಅದ್ರಲ್ಲೊಬ್ಳು ನನ್ ಮಗ್ಳು. ಈಗ ಚಾಪೆ ಸಾಲಲ್ಲ. ಮಕ್ಕಳ ಗ್ರಾಮಸಭೇಲಿ ಮಕ್ಳ ಕೈಲೇ ಕೇಳ್ಸಿ, ಪಿಡಿಒ ಬರ್ಕೊಳ್ಳೇಬೇಕಾಗತ್ತೆ.

ಕಲ್ಪತರು_ಅಪ್ಪ: ಥ್ಯಾಂಕ್ಸ್ ಮೇಡಂ. ನಮ್ ಲೈಬ್ರರಿ ಬೀಗದ ಕೈ ಯಾರ ಹತ್ರ ಇದೆ ಅಂತ ನಾಳೆ ವಿಚಾರಿಸ್ತೀನಿ.