ಹಿಮಕುಸಿತವೇ ಕೊಲೆಗಾರನನ್ನು ಹಿಡಿದುಕೊಟ್ಟರೆ ಅದು ಪತ್ತೇದಾರಿಯೇ?

ಇರುಳೋದು (ಪ್ರಶ್ನೆ):
ಜನವಸತಿಯಿಲ್ಲದ ಹಿಮಾವೃತ ಕಾಡಿನಲ್ಲಿ ನಡೆಯುವ ಪತ್ತೇದಾರಿ ಕಾದಂಬರಿಯೊಂದನ್ನು ಈಚೆಗೆ ಓದಿ ಮುಗಿಸಿದೆ. ಮುಕ್ತಾಯದ ಬಗ್ಗೆಯೇ ಕೇಳಬೇಕಾಗಿರುವುದರಿಂದ, ಓದದವರ ಕುತೂಹಲ ಕೆಡದಿರಲೆಂದು ಹೆಸರು ಹೇಳುವುದಿಲ್ಲ. ಓದಿದವರಿಗೆ ಗುರುತು ಸಿಗುತ್ತದೆ.

ಸಂಶೋಧಕರ ತಂಡದಲ್ಲಿದ್ದ ಒಬ್ಬಾತ ಬಿಡಾರದಿಂದ ಕಾಣೆಯಾಗುತ್ತಾನೆ. ಅವನ ಹೆಜ್ಜೆಗುರುತುಗಳು ಕಾಡನ್ನು ಬಳಸಿಕೊಂಡು ಹೊರಟ ಜಾಗಕ್ಕೇ ಮರಳಿ, ಅಲ್ಲಿಂದ ಮತ್ತೊಂದು ಸುತ್ತು ಹೋಗಿವೆ. ಶವ ಸಿಕ್ಕಾಗ ಮೈಮೇಲೆ ಕೋಟು ಇಲ್ಲ, ಅದು ದೂರದಲ್ಲಿ ಬಿದ್ದಿದೆ. ಇಲ್ಲಿಯವರೆಗಿನ ಬರವಣಿಗೆ ನನ್ನನ್ನು ಅಲುಗಾಡಲು ಬಿಡಲಿಲ್ಲ. ಆದರೆ ಕೊನೆಯ ಅಧ್ಯಾಯದಲ್ಲಿ ಹಿಮಕುಸಿತವೊಂದು, ಮೇಲಿನ ಇಳಿಜಾರಿನಲ್ಲಿ ಯಾರೋ ಹೂತಿಟ್ಟಿದ್ದ ಚೀಲವನ್ನು ತನಿಖಾಧಿಕಾರಿಯ ಕಾಲ ಬುಡಕ್ಕೆ ತಂದು ಹಾಕುತ್ತದೆ. ಅದರೊಳಗೆ ಸತ್ತವನ ದಿಕ್ಸೂಚಿಯೂ, ಅದನ್ನು ಕದ್ದವನ ಕೈಗವಸೂ ಇರುತ್ತವೆ. ದಾರಿ ತಿಳಿಯದೆ ಸಾಯಲೆಂದೇ ದಿಕ್ಸೂಚಿಯನ್ನು ಕದಿಯುವ ಕೊಲೆಗಾರನನ್ನು ಕಲ್ಪಿಸಿಕೊಂಡ ಲೇಖಕರು, ಅವನನ್ನು ಹಿಡಿಯುವ ಕೆಲಸವನ್ನು ಬೆಟ್ಟಕ್ಕೆ ವಹಿಸಿಬಿಟ್ಟದ್ದು ನನಗೆ ಬಹಳ ನೋವು ತಂದಿತು. ಇದನ್ನು ನ್ಯಾಯವಾದ ಮುಕ್ತಾಯವೆಂದು ನೀವು ಒಪ್ಪುತ್ತೀರಾ?

ಹಳೆಯ ಓದುಗ:
ಒಳ್ಳೆಯ ಪ್ರಶ್ನೆ. ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಈ ಪ್ರಕಾರಕ್ಕೆ ಹತ್ತು ಕಟ್ಟಳೆಗಳನ್ನು ಹಾಕಿಕೊಟ್ಟರು. ಆಕಸ್ಮಿಕವು ಪತ್ತೇದಾರನಿಗೆ ಎಂದೂ ನೆರವಾಗಕೂಡದೆಂಬುದು ಅವುಗಳಲ್ಲಿ ಒಂದು. ಆ ಲೆಕ್ಕದಲ್ಲಿ ನಿಮ್ಮ ಆಕ್ಷೇಪ ಸರಿಯೇ.

ಆದರೂ ಹಿಮಕುಸಿತ ನಿಜವಾಗಿ ಆಕಸ್ಮಿಕವೇ ಎಂದು ಯೋಚಿಸಬೇಕು. ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಓರೆಯಿರುವ ಇಳಿಜಾರುಗಳಲ್ಲಿ, ಒಳಗಿನ ದುರ್ಬಲ ಪದರದ ಮೇಲೆ ಹೊಸ ಹಿಮವೂ ಗಾಳಿ ತಂದು ಪೇರಿಸಿದ ಹಿಮವೂ ಹೊರೆಯಾದಾಗ ಅದು ಜಾರುತ್ತದೆ. ನಡೆಯುವವರ ಕಾಲಡಿಯಲ್ಲಿ ಹಿಮ ಧೊಪ್ಪೆಂದು ಸದ್ದು ಮಾಡಿ ಕುಗ್ಗುವುದು ಅದರ ಮುನ್ಸೂಚನೆಗಳಲ್ಲೊಂದು. ಕಾದಂಬರಿಯ ನಡುವಿನಲ್ಲಿ ಮುದುಕ ಮಾರ್ಗದರ್ಶಿ ಇಂಥದೇ ಸದ್ದು ಕೇಳಿ, ಮಾತಾಡದೆ ಎಲ್ಲರನ್ನೂ ಬೇರೆ ದಾರಿಗೆ ತಿರುಗಿಸುವುದಿಲ್ಲವೇ? ಲೇಖಕರು ಸುಳಿವು ಕೊಟ್ಟೇ ಇದ್ದಾರೆ.

ಕಣಿವೆಯಂಚು:
ಹಳೆಯ ಓದುಗರೇ, ಹಿಮ ಕುಸಿಯುತ್ತದೆಂಬ ಸುಳಿವು ಬೇರೆ, ಕುಸಿದ ಹಿಮ ಅದೇ ಚೀಲವನ್ನು ಅದೇ ಮನುಷ್ಯನ ಮುಂದೆ ತಂದಿಡುತ್ತದೆಂಬುದು ಬೇರೆ. ಮೊದಲನೆಯದು ಭೂಮಿಯ ನಿಯಮ, ಎರಡನೆಯದು ಲೇಖಕರ ಅನುಕೂಲ.

ನನಗೆ ಹೆಚ್ಚು ಬೇಸರವಾದದ್ದು, ಆ ಕಾಡೇ ಒದಗಿಸಿದ್ದ ಎರಡು ಅಪೂರ್ವ ಸುಳಿವುಗಳನ್ನು ತನಿಖಾಧಿಕಾರಿ ಓದದೆ ಬಿಟ್ಟದ್ದಕ್ಕೆ. ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಕಾಡಿನಲ್ಲೂ ಮರಳುಗಾಡಿನಲ್ಲೂ ಜನರನ್ನು ನಡೆಸಿ ನೋಡಿ, 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೂರ್ಯನೋ ಚಂದ್ರನೋ ಕಾಣದಿದ್ದಾಗ ಮನುಷ್ಯರು ನೇರವಾಗಿ ಹೋಗುತ್ತಿದ್ದೇವೆಂದು ನಂಬಿಕೊಂಡೇ ಸುತ್ತು ಹಾಕುತ್ತಾರೆ. ಕೋಟಿನ ವಿಷಯವೂ ಹಾಗೆಯೇ. ದೇಹದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಇನ್ನೂ ಕುಸಿಯುತ್ತಾ ಹೋದಾಗ, ಅಷ್ಟು ಹೊತ್ತು ಬಿಗಿದುಕೊಂಡಿದ್ದ ಚರ್ಮದ ರಕ್ತನಾಳಗಳು ಸಡಿಲಗೊಂಡು, ಸಾಯುತ್ತಿರುವವನಿಗೆ ಮೈ ಉರಿದಂತಾಗಿ ಅವನೇ ಬಟ್ಟೆ ಕಳಚುವುದುಂಟು. ಇವೆರಡನ್ನೂ ಜೋಡಿಸಿ ನೋಡಿದ್ದರೆ, ಅಲ್ಲಿ ಹೊಡೆದಾಟ ನಡೆದೇ ಇಲ್ಲ, ಒಬ್ಬನೇ ಮನುಷ್ಯ ದಿಕ್ಕು ತಪ್ಪಿ ಚಳಿಗೆ ಸತ್ತಿದ್ದಾನೆ ಎಂಬುದು ಹೊಳೆಯುತ್ತಿತ್ತು. ಆಗ ಉಳಿಯುವ ಪ್ರಶ್ನೆ ಒಂದೇ: ಅನುಭವಸ್ಥನಾದ ಅವನ ಬಳಿ ದಿಕ್ಸೂಚಿ ಏಕಿರಲಿಲ್ಲ? ಅಧಿಕಾರಿ ಇದನ್ನು ಕೇಳಿಕೊಂಡಿದ್ದರೆ ಹಿಮಕುಸಿತ ಬೇಕಾಗಿರಲಿಲ್ಲ.

ಮಂಜಿನ ಹಾದಿ:
ನಾನು ಈ ಕಾದಂಬರಿಯನ್ನು ಕೊಲೆಗಾರ ಯಾರೆಂಬುದಕ್ಕಾಗಿ ಓದಲಿಲ್ಲ. ಆ ನಿಶ್ಶಬ್ದ, ಹೊಸ ಹಿಮ ಸದ್ದನ್ನೆಲ್ಲ ಹೀರಿಕೊಂಡು ಪಕ್ಕದವರ ಕೂಗೂ ಕೇಳಿಸದಾಗುವ ರಾತ್ರಿಯ ವರ್ಣನೆ, ಇವುಗಳಿಗಾಗಿ ಮುಕ್ತಾಯವನ್ನು ಮನ್ನಿಸಬಲ್ಲೆ.

ಇರುಳೋದು:
ಎಲ್ಲರಿಗೂ ಧನ್ಯವಾದಗಳು. ಮಂಜಿನ ಹಾದಿಯವರೇ, ಆ ರಾತ್ರಿಯ ಅಧ್ಯಾಯ ನನಗೂ ಅಚ್ಚುಮೆಚ್ಚು. ಅಷ್ಟು ಚೆನ್ನಾಗಿ ಬರೆಯಬಲ್ಲವರು ಕೊನೆಯಲ್ಲಿ ಕೈಬಿಟ್ಟರಲ್ಲ ಎಂಬುದೇ ನನ್ನ ಸಂಕಟ.

ಕಣಿವೆಯಂಚು ಅವರ ಮಾತು ಓದಿದ ಮೇಲೆ ಹುಡುಕಾಟದ ಅಧ್ಯಾಯಗಳನ್ನು ಮತ್ತೆ ತೆರೆದೆ. ತನ್ನ ಬಳಿ ದಿಕ್ಸೂಚಿಯೇ ಇಲ್ಲವೆಂದು ಮೊದಲ ವಿಚಾರಣೆಯಲ್ಲಿ ಹೇಳಿದ ವ್ಯಕ್ತಿ, ದಟ್ಟ ಮಂಜು ಕವಿದ ದಿನ, ಜೇಬಿನತ್ತ ಒಮ್ಮೆ ಬಗ್ಗಿ ನೋಡಿ, "ಬಿಡಾರ ಈಶಾನ್ಯಕ್ಕಿದೆ" ಎಂದು ತಡವರಿಸದೆ ಹೇಳುತ್ತಾನೆ. ತನಿಖಾಧಿಕಾರಿ ಅವನ ಪಕ್ಕದಲ್ಲೇ ನಿಂತಿರುತ್ತಾರೆ. ಉತ್ತರ ಅಲ್ಲಿಯೇ ಇತ್ತು; ಲೇಖಕರು ಅದನ್ನು ಬಿತ್ತಿದ್ದರು, ಕೊಯ್ಯಲಿಲ್ಲ. ಹಳೆಯ ಓದುಗರು ಈ ಪುಟವನ್ನು ನೋಡಿ ಏನು ಹೇಳುತ್ತಾರೆಂದು ತಿಳಿಯುವ ಆಸೆಯಿದೆ.