30 ಅಡಿ ಮರ, 3 ತಿಂಗಳ ಗಡುವು

ಸಂಜೆ ಆರು ಗಂಟೆ, ದರ್ಶಿನಿಯ ಮೂಲೆ ಟೇಬಲ್ಲು, ಹೊರಗೆ ಜುಲೈ ತಿಂಗಳ ಜಿಟಿಜಿಟಿ ಮಳೆ. ನಾಲ್ಕು ಜನಕ್ಕೆ ಎರಡು ಬೈಟು ಕಾಫಿ. ಐದನೆಯವನು ಸುಬ್ಬು, ನೀರಿನ ಜಗ್ಗಿಗೆ ಒರಗಿಸಿಟ್ಟ ಮೊಬೈಲಿನೊಳಗೆ. ಅವನಿರುವ ಅಮೆರಿಕಾದ ಫೀನಿಕ್ಸಿನಲ್ಲಿ ಇನ್ನೂ ಬೆಳಗಿನ ಐದೂವರೆ, ಆಗಲೇ ಟವೆಲ್ಲಿನಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದಾನೆ.

ಲೇಔಟ್ ರಾಜಣ್ಣ ಲಾಸ್ ಏಂಜಲೀಸಿನ ಪಾಮ್ ಮರಗಳ ಬೀದಿಯೊಂದರ ಫೋಟೋ ತೆಗೆದು ಎಲ್ಲರ ಮೂಗಿನ ಮುಂದೆ ಹಿಡಿದ.

“ನಮ್ಮ ಲೇಔಟ್ ಬಾಗಿಲಿಗೆ ಇದೇ ಮರ. ಎರಡು ಸಾಲು, ಒಂದೊಂದೂ 30 ಅಡಿ. ದಸರಾಕ್ಕೆ ಓಪನಿಂಗು.”

“ಮರಕ್ಕೆ ದಿನಾಂಕ ತಿಳಿಸಿ ಆಯ್ತಾ?” ಅಂದ್ರು ಉಡುಪಿ ಕಡೆಯ ಭಟ್ರು.

“ಅದು ವಾಷಿಂಗ್ಟೋನಿಯಾ ರೊಬಸ್ಟಾ ಕಣೋ,” ಮೊಬೈಲು ಮಾತಾಡಿತು. “ಮೂಲ ಮೆಕ್ಸಿಕೋ. ಲಾಸ್ ಏಂಜಲೀಸಿಗೆ ಅದೂ ವಲಸೆ ಬಂದದ್ದೇ. 1932ರ ಒಲಿಂಪಿಕ್ಸಿನ ಆಸುಪಾಸಿನಲ್ಲಿ ರಸ್ತೆ ರಸ್ತೆಗೂ ನೆಟ್ಟರು. ಈಗ ಅದರಲ್ಲಿ ಕೆಲವು 100 ಅಡಿಗೆ ಬಂದಿವೆ.”

“ಅಂದ್ರೆ 90 ವರ್ಷ ಕಾಯ್ಬೇಕಾ?”

“ಅಷ್ಟೇನಿಲ್ಲ,” ಅಂದ ನರ್ಸರಿ ಶಿವಣ್ಣ. “ಬೇರು ಹಿಡಿದ ಮೇಲೆ, ಬಿಸಿಲು ನೀರು ಎರಡೂ ಸಿಕ್ಕರೆ ವರ್ಷಕ್ಕೆ 2–3 ಅಡಿ ಏರುತ್ತೆ. ಬೀಸಣಿಗೆ ಎಲೆಯ ಪಾಮ್‌ಗಳಲ್ಲಿ ಇಷ್ಟು ಅವಸರದ್ದು ಕಮ್ಮಿ. ಬೀಜ ಮೆಣಸಿನಕಾಳಿಗಿಂತ ಸ್ವಲ್ಪ ದಪ್ಪ. ಒಂದು ದಿನ ನೀರಲ್ಲಿ ನೆನೆಹಾಕಿ ಅರ್ಧ ಇಂಚು ಆಳಕ್ಕೆ ಬಿತ್ತಿದ್ರೆ ಒಂದೆರಡು ತಿಂಗಳಲ್ಲಿ ಮೊಳಕೆ.”

ರಾಯಚೂರಿನ ಬಸಣ್ಣ ಲೋಟ ಕೆಳಗಿಟ್ಟರು. “ನಮ್ಮ ತಾಳಿ ಮರ ಇರೂ ತನಕ ಮೆಕ್ಸಿಕೋ ಯಾಕ್ರೀ? ಬಿಸಿಲಿಗೆ ಅಂಜಂಗಿಲ್ಲ, ಗಾಳಿಗೆ ಬಗ್ಗಂಗಿಲ್ಲ. ಬ್ಯಾಸಿಗ್ಯಾಗ ತಾಟಿನಿಂಗು ಬ್ಯಾರೆ ಕೊಡ್ತದ.”

“ಎಷ್ಟು ದಿನದಲ್ಲಿ 30 ಅಡಿ?”

“ದಿನ ಕೇಳಬ್ಯಾಡ್ರಿ. ಅದರ ಬೀಜ ಮೊದಲು ಮ್ಯಾಲ ಬರಂಗಿಲ್ಲ, ಕೆಳಗ ಹೋಗ್ತದ.” ಬಸಣ್ಣ ಸ್ಪೂನನ್ನು ಸಕ್ಕರೆ ಡಬ್ಬಿಯೊಳಗೆ ನೆಟ್ಟಗೆ ಇಳಿಸಿ ತೋರಿಸಿದರು. “ಹಣ್ಣು ಬಿದ್ದ ಮ್ಯಾಲ ತಿರುಳು ಬಿಡಿಸಿದ್ರ ಒಳಗ ಸಾಮಾನ್ಯ ಮೂರು ಬೀಜ ಇರ್ತಾವ. ಮಣ್ಣಾಗ ಇಟ್ರಿ ಅಂದ್ರ ಬೀಜದಿಂದ ಬೆರಳು ದಪ್ಪದ ಒಂದು ಕೊಳವಿ ಹೊರಡ್ತದ. ಅದು 1 ಅಡಿಯಿಂದ 3 ಅಡಿ ತನಕ ಆಳಕ್ಕಿಳಿದು, ಸಸಿನ ಅಲ್ಲಿ ಒಯ್ದು ಇಡ್ತದ. ಆಮ್ಯಾಲ ಅಲ್ಲಿಂದ ಗರಿ ಮ್ಯಾಲ ಬರಬೇಕು. ಮೊದಲನೇ ಎಲಿ ಬೀಸಣಿಗಿನೂ ಅಲ್ಲ ಏನೂ ಅಲ್ಲ, ಬರೇ ಪಟ್ಟಿ.”

“ಅದಕ್ಕೇ ತಾಳೆಯನ್ನ ಕವರಲ್ಲಿ ಬೆಳೆಸಿ ಮಾರೋರು ಕಮ್ಮಿ,” ಶಿವಣ್ಣ ಸೇರಿಸಿದ. “ಆ ಕೊಳವೆ ಕವರಿನ ತಳ ತೂತು ಮಾಡಿಕೊಂಡು ನೆಲಕ್ಕಿಳಿಯುತ್ತೆ. ಕವರ್ ಎತ್ತಿದ್ರೆ ತುಂಡಾಗಿ ಗಿಡ ಹೋಯ್ತು. ಎಲ್ಲಿ ಮರ ಬೇಕೋ ಅಲ್ಲೇ ಬಿತ್ತಬೇಕು. 10 ಅಡಿಗೊಂದು ಗುಣಿ, ಗುಣಿಗೆ ಎರಡು ಬೀಜ, ಮೇಲೆ ಒಂದು ಗೇಣಿನೊಳಗೆ ಮಣ್ಣು. ಹೆಗ್ಗಣ ತೋಡದ ಹಾಗೆ ಮುಳ್ಳು.”

“ನಾಲ್ಕು ತಿಂಗಳಿಗೆ ಕಿತ್ತು ನೋಡಿದ್ರ ಗೆಡ್ಡಿ ಆಗಿರ್ತದ. ಕುದಿಸಿ ಉಪ್ಪು ಹಚ್ಚಿ ತಿನ್ನಾಕ ಭಾಳ ಚಲೋ,” ಅಂದರು ಬಸಣ್ಣ.

“ಬಸಣ್ಣೋರೇ, ನಾನು ಕೇಳಿದ್ದು ಮರ! ನೀವು ಅದನ್ನ ಕಿತ್ತು ತಿಂದೇಬಿಟ್ರಿ.”

“ಬಿಟ್ರ ಮರ ಆಗ್ತದ. ಬುಡ ದಪ್ಪ ಆಗೂ ತನಕ ಕಾಂಡ ಮ್ಯಾಲ ಏಳಂಗಿಲ್ಲ, ವರ್ಷಗಟ್ಟಲೆ ನೆಲಕ್ಕ ಕುಂತಿರ್ತದ. ಗಂಡೋ ಹೆಣ್ಣೋ ಗೊತ್ತಾಗಲಿಕ್ಕೆ 12ರಿಂದ 15 ವರ್ಷ, ಹೂ ಬಿಟ್ಟಾಗಲೇ. ಗಂಡಾದ್ರ ತಾಟಿನಿಂಗು ಇಲ್ಲ.”

“ತಾಳಿದವನು ಬಾಳಿಯಾನು ಅಂದದ್ದು ತಾಳೆ ನೆಟ್ಟವನಿಗೇ ಇರಬೇಕು,” ಅಂದ ರಾಜಣ್ಣ.

ಸುಬ್ಬುಗೆ ಏನೋ ನೆನಪಾಯಿತು. “ಬಾಂಗ್ಲಾದೇಶದಲ್ಲಿ ಸಿಡಿಲಿಂದ ಜನ ಸಾಯೋದು ತಪ್ಪಲಿ ಅಂತ ಲಕ್ಷಗಟ್ಟಲೆ ತಾಳೆ ನೆಟ್ಟರು. ಎತ್ತರದ ಒಂಟಿ ಮರಕ್ಕೆ ಸಿಡಿಲು ಹೊಡೆಯುತ್ತೆ ಅನ್ನೋ ಲೆಕ್ಕ ಸರಿ. ಆದರೆ ಮೊಣಕಾಲುದ್ದದ ಸಸಿಗೆ ಸಿಡಿಲು ಬಗ್ಗಿ ಹೊಡೀಬೇಕಲ್ಲ?”

ಭಟ್ರು ಇಷ್ಟು ಹೊತ್ತು ಕಾದಿದ್ದರು. “ನೀವು ಎತ್ತರ ಎತ್ತರ ಅಂತ ಹೇಳುದು. ಎಲೆ ನೋಡಿ ಮಾರಾಯ್ರೆ, ಎಲೆ. ನಮ್ಮಲ್ಲಿ ಶ್ರೀತಾಳೆ ಉಂಟು. ಒಂದೊಂದು ಗರಿ 15 ಅಡಿ ಅಗಲ. ಒಂದು ಎಲೆಯ ಅಡಿಯಲ್ಲಿ ಇಡೀ ನಿಮ್ಮ ಓಪನಿಂಗ್ ಮಾಡ್ಲಿಕ್ಕಾಗ್ತದೆ, ಶಾಮಿಯಾನದ ಖರ್ಚು ಉಳೀತು. ತಾಳೆಗರಿ ಗ್ರಂಥ ಅಂತ ಮಠದಲ್ಲಿ ಇಡುದಲ್ವಾ, ಅದ್ರಲ್ಲಿ ಒಳ್ಳೆ ಬಾಳಿಕೆಯದ್ದು ಹೆಚ್ಚಾಗಿ ಇದರ ಗರಿಯದ್ದು.”

“ಹೂ ಚೆನ್ನಾಗಿರುತ್ತಾ?”

“ಪ್ರಪಂಚದಲ್ಲೇ ದೊಡ್ಡ ಹೂಗೊಂಚಲು. ತಲೆಯ ಮೇಲೆ 20 ಅಡಿ ಎತ್ತರಕ್ಕೆ ತೇರಿನ ಹಾಗೆ.”

“ಪ್ರತಿ ವರ್ಷ?”

“ಜನ್ಮಕ್ಕೆ ಒಂದೇ ಸಲ. 30ರಿಂದ 80 ವರ್ಷದೊಳಗೆ ಯಾವಾಗ ಬೇಕಾದ್ರೂ. ಮತ್ತೆ ಕಾಯಿ ಬಲಿತು ಉದುರುವಾಗ ಮರವೂ ಸತ್ತುಹೋಗ್ತದೆ.”

ರಾಜಣ್ಣ ಕಾಫಿ ಪಕ್ಕಕ್ಕಿಟ್ಟ. “ವಾಸ್ತು ನೋಡಿ ಸೈಟ್ ತಗೊಳ್ಳೋ ಜನಕ್ಕೆ ಇದನ್ನ ಹೇಗ್ರೀ ಹೇಳ್ಲಿ?”

“ರಾಜಣ್ಣಂಗೆ ಅಮೆರಿಕಾದ್ದೇ ಆಗಲಿ ಬಿಡಿ,” ಅಂದ ಸುಬ್ಬು. “ಆದರೆ ಹೆಸರು ಸರಿಯಾಗಿ ಹೇಳಿ ತಗೋ. ವಾಷಿಂಗ್ಟೋನಿಯಾದಲ್ಲಿ ಎರಡು ಜಾತಿ. ಫಿಲಿಫೆರಾ ಕ್ಯಾಲಿಫೋರ್ನಿಯಾ, ಅರಿಜೋನಾ ಮರುಭೂಮಿಯ ಊಟೆಗಳ ಪಕ್ಕದ್ದು. ಕಾಂಡ ಗುಡಾಣದ ಹಾಗೆ, ಎಲೆ ತುಂಬ ಬಿಳಿ ನೂಲು. ಒಣ ಚಳಿ ಸೊನ್ನೆಯಿಂದ ಕೆಳಗೆ 9 ಡಿಗ್ರಿಗೆ ಹೋದರೂ ಗಟ್ಟಿ. ನಮ್ಮ ಫೀನಿಕ್ಸಲ್ಲಿ 45 ಡಿಗ್ರಿಗೂ ಅಲ್ಲಾಡಲ್ಲ. ಅದನ್ನ ಉಡುಪಿ ಮಳೆಗೆ ನೆಟ್ಟರೆ ಸುಳಿ ಕೊಳೆತು ಹೋಗುತ್ತೆ. ರೊಬಸ್ಟಾ ಸಣಕಲು, ಎತ್ತರ, ತೇವವನ್ನ ಫಿಲಿಫೆರಾಕ್ಕಿಂತ ಚೆನ್ನಾಗಿ ತಡಕೊಳ್ಳುತ್ತೆ, ಚಳಿ ಅಷ್ಟು ತಡೆಯಲ್ಲ.”

“ಮಡಿಕೇರಿಗೆ?”

“ಹಿಮ ಬೀಳೋ ಕಡೆಗೇ ಒಂದಿದೆ. ಟ್ರಾಕಿಕಾರ್ಪಸ್ ತಾಕಿಲ್, ಉತ್ತರಾಖಂಡದ ಕುಮಾವೂಂ ಬೆಟ್ಟದ್ದು, ನಮ್ಮ ದೇಶದ್ದೇ. ಅದರ ಚೀನೀ ದಾಯಾದಿ ಸ್ವಿಟ್ಜರ್ಲೆಂಡಿನ ತಿಚೀನೋ ಕಾಡಿಗೆ ನುಗ್ಗಿ ಅವರಿಗೇ ತಲೆನೋವಾಗಿದೆ. ಕಾಂಡಕ್ಕೆ ಕರಡಿಯಂಥ ಕೂದಲು. ಬಯಲುಸೀಮೆ ಸೆಕೆಗೆ ಮಾತ್ರ ತರಬೇಡ.”

“ಬೆಂಗಳೂರಿನ ಚಳಿಗೆ ರೊಬಸ್ಟಾ ಸ್ವೆಟರೂ ಕೇಳಲ್ಲ,” ಅಂದ ಶಿವಣ್ಣ. “ರಾಜಣ್ಣ, ಈಗ ಕೆಲಸಕ್ಕೆ ಬರೋಣ. 10 ಅಡಿ ಕಾಂಡದ ಮರ ಕಿತ್ತು ತರಬಹುದು. ಕಾಂಡದಿಂದ ಸುತ್ತಲೂ ಒಂದಡಿಗೆ ಕಮ್ಮಿಯಿಲ್ಲದ ಹಾಗೆ ಮಣ್ಣು ಸಮೇತ ಬೇರುಮುದ್ದೆ ಬಿಡಬೇಕು.”

“ರಾಗಿಮುದ್ದೆ ಅಳತೆ ಗೊತ್ತು, ಇದು ಗೊತ್ತಿಲ್ಲ.”

“ಮುದ್ದೆ ಬಿರುಕು ಬಿಟ್ರೆ ಎರಡೂ ಕೆಟ್ಟಂತೆ. ಗೋಣಿ ಸುತ್ತಿ ಕಟ್ಟಬೇಕು. ಗರಿಯೆಲ್ಲ ಮೇಲಕ್ಕೆತ್ತಿ ಜುಟ್ಟಿನ ಹಾಗೆ ಬಿಗಿದು, ಜೊತೆಗೊಂದು ಗಳ ಕಟ್ಟಬೇಕು. ಕ್ರೇನ್ ಎತ್ತುವಾಗ ತಲೆ ಒಂದು ಸಲ ಜೋಲಾಡಿದ್ರೆ ಒಳಗೆ ಸುಳಿ ಮುರಿಯುತ್ತೆ. ಹೊರಗೆ ಹಸಿರಾಗೇ ಇರುತ್ತೆ. ಎರಡು ತಿಂಗಳಾದ ಮೇಲೆ ಸುಳಿ ಹಿಡಿದೆಳೆದರೆ ಕೈಗೆ ಬಂದುಬಿಡುತ್ತೆ, ಗಬ್ಬು ನಾತದ ಸಮೇತ.”

“ಗುಂಡಿ ಎಷ್ಟಾಳ? ಆಳಕ್ಕೆ ಹೂಳಿದ್ರೆ ಗಾಳಿಗೆ ಬೀಳಲ್ಲ ಅಲ್ವಾ?”

ನಾಲ್ಕೂ ಜನ ಒಟ್ಟಿಗೆ “ಅಯ್ಯೋ” ಅಂದರು, ಮೊಬೈಲೂ ಸೇರಿ.

“ಹೆಚ್ಚಿನ ಮರ ಸಾಯೋದೇ ಅಲ್ಲಿ,” ಶಿವಣ್ಣ ಮೇಜು ಕುಟ್ಟಿದ. “ಬೇರುಮುದ್ದೆಯ ನೆತ್ತಿ ನೆಲದ ಮಟ್ಟಕ್ಕೆ, ಒಂದು ಇಂಚೂ ಕೆಳಗಲ್ಲ. ಗುಂಡಿ ಅಗಲ ಮುದ್ದೆಯ ಎರಡರಷ್ಟು, ಆಳ ಮುದ್ದೆಯಷ್ಟೇ. ಕಾಂಡದ ಬುಡ ಮಣ್ಣೊಳಗೆ ಹೋದರೆ ಬೇರಿಗೆ ಉಸಿರಿಲ್ಲ. ನಿಧಾನವಾಗಿ ಎರಡು ಮೂರು ವರ್ಷದಲ್ಲಿ ಹೊಸ ಗರಿ ಸುಟ್ಟ ಹಪ್ಪಳದ ಹಾಗೆ ಮುದುರಿ ಬರುತ್ತೆ. ಅದು ಮ್ಯಾಂಗನೀಸ್ ಸಿಗದೆ ಬರೋ ಲಕ್ಷಣ. ಸುಣ್ಣದ ನೆಲದಲ್ಲೂ ಅದೇ. ಮ್ಯಾಂಗನೀಸ್ ಸಲ್ಫೇಟ್ ಕೊಟ್ಟರೆ ಸುಧಾರಿಸುತ್ತೆ, ಆದರೆ ಮುದುರಿದ ಗರಿ ಮುದುರಿದ್ದೇ. ಅದಕ್ಕೆ ಮೊದಲು 2 ಅಡಿ ಗುಂಡಿಗೆ ನೀರು ತುಂಬಿ ನೋಡು. ಮಾರನೇ ದಿನವೂ ನಿಂತಿದ್ರೆ ಅಲ್ಲಿ ಗುಂಡಿ ಬೇಡ, ದಿಬ್ಬ ಮಾಡಿ ನೆಡು.”

“ನಿಲ್ಲಿಸೋಕೆ ಕಂಬ ಹೊಡೆದು ಮರಕ್ಕೆ ಮೊಳೆ...”

“ಮೊಳೆ ಮಾತ್ರ ಬ್ಯಾಡ್ರಿ!” ಬಸಣ್ಣ ಕಿವಿ ಮುಚ್ಚಿಕೊಂಡರು. “ಬೇವಿನ ಮರಕ್ಕ ಗಾಯ ಆದ್ರ ತೊಗಟಿ ಬೆಳದು ಮುಚ್ಚತದ. ಈ ಜಾತಿಗೆ ಆ ಪದರಾನೇ ಇಲ್ಲ. ಇವತ್ತು ಹೊಡದ ತೂತು ಸಾಯೂ ತನಕ ತೂತು.”

“ಗೋಣಿ ಸುತ್ತಿ, ಮೇಲೆ ನಾಲ್ಕು ಮರದ ತುಂಡು ಇಟ್ಟು, ಪಟ್ಟಿಯಲ್ಲಿ ಬಿಗಿದು, ಆ ತುಂಡಿಗೆ ಊರುಗೋಲು ಹೊಡಿ,” ಅಂದ ಶಿವಣ್ಣ. “ಆರು ತಿಂಗಳು ತೆಗೀಬೇಡ. ಸೀರಿಯಲ್ ಸೆಟ್ಟನ್ನೂ ಹಗ್ಗದಲ್ಲೇ ಕಟ್ಟು.”

“ಓಪನಿಂಗ್ ದಿನ ಹಳದಿ ಗರಿ ಎಲ್ಲ ಕತ್ತರಿಸಿ ನೀಟಾಗಿ...”

“ನವಿಲುಗರಿ ಪೊರಕೆ ಹಾಗೆ ಎರಡೇ ಗರಿ ಬಿಟ್ಟು ಬೋಳಿಸ್ತಾರೆ, ನೋಡಿದ್ದೀನಿ,” ಅಂದ ಸುಬ್ಬು. “ಹಳೇ ಗರಿಯಲ್ಲಿ ಕಿತ್ತಳೆ ಚುಕ್ಕೆ, ಅಂಚು ಸುಟ್ಟ ಹಾಗಿದ್ರೆ ಅದು ಪೊಟ್ಯಾಷ್ ಕೊರತೆ. ಮರ ಹಳೇ ಗರಿಯಿಂದ ಪೊಟ್ಯಾಷ್ ಹೀರಿ ಹೊಸ ಗರಿಗೆ ಕೊಡ್ತಿರುತ್ತೆ. ಅದನ್ನ ಕತ್ತರಿಸಿದ್ರೆ ಮೇಲಿನ ಗರಿಯಿಂದ ಹೀರುತ್ತೆ. ಗಡಿಯಾರದ ಒಂಬತ್ತು-ಮೂರರ ಗೆರೆಗಿಂತ ಮೇಲಿರೋ ಗರಿ ಮುಟ್ಟಬೇಡ. ಫ್ಲಾರಿಡಾದ ಮರಳು ನೆಲಕ್ಕೆ ಹೇಳೋ ಗೊಬ್ಬರ 8-2-12, ಅಂದ್ರೆ ಸಾರಜನಕ, ರಂಜಕ, ಪೊಟ್ಯಾಷಿನ ಪಾಲು, ಜೊತೆಗೆ 4 ಪಾಲು ಮೆಗ್ನೀಷಿಯಂ, ನಿಧಾನವಾಗಿ ಕರಗೋದು. 100 ಚದರಡಿಗೆ ಸುಮಾರು 700 ಗ್ರಾಂ, ಮೂರು ತಿಂಗಳಿಗೊಮ್ಮೆ. ನಿಮ್ಮ ಕೆಂಪುಮಣ್ಣಿಗೆ ಅಷ್ಟು ಬೇಡ, ಪಾಲು ಮಾತ್ರ ಅದೇ ಇರಲಿ. ಬರೀ ಯೂರಿಯಾ ಸುರಿದ್ರೆ ಪೊಟ್ಯಾಷ್ ಕೊರತೆ ಜಾಸ್ತಿಯಾಗುತ್ತೆ.”

“ಪೂರ್ತಿ ಒಣಗಿದ್ದನ್ನ ಬಿಟ್ಟರೆ?”

“ವಾಷಿಂಗ್ಟೋನಿಯಾದಲ್ಲಿ ಅದು ತಾನಾಗಿ ಉದುರೋದು ಕಮ್ಮಿ. ಲಂಗ ಉಟ್ಟ ಹಾಗೆ ಕಾಂಡಕ್ಕೆ ಜೋತಿರುತ್ತೆ. ಒಳಗೆ ಇಲಿಗಳಿಗೆ ಅಪಾರ್ಟ್‌ಮೆಂಟು. ದೀಪಾವಳಿ ರಾಕೆಟ್ ಸಿಕ್ಕಿಕೊಂಡ್ರೆ ಕಂಬಕಂಬವೇ ಪಂಜು. ಅದನ್ನ ತೆಗೆಸಲೇಬೇಕು, ತೊಟ್ಟಿನ ಅಂಚಿನ ಮುಳ್ಳು ಗರಗಸದ ಹಾಗಿರುತ್ತೆ, ದಪ್ಪ ಕೈಗವಸು ಕೊಡು.”

“ತಿಪ್ಪೆಗೊಬ್ಬರದ ರಾಶಿ ಮರದ ಹತ್ರ ಇಡ್ಬೇಡಿ,” ಭಟ್ರು ನೆನಪಿಸಿದರು. “ರೈನೋಸರಸ್ ದುಂಬಿ ಅದ್ರಲ್ಲೇ ಹುಟ್ಟುದು. ಸುಳಿ ಕೊರೀತದೆ, ಬಿಚ್ಚಿದ ಗರಿ ಕತ್ತರಿ ಹಾಕಿದ ಹಾಗಿದ್ರೆ ಅದೇ. ತೆಂಗಿಗೆ ಮಾಡುದೇ ಇದಕ್ಕೂ: ಕೊಕ್ಕೆ ತಂತಿಯಲ್ಲಿ ಹುಳ ಎಳೆದು, 250 ಗ್ರಾಂ ಬೇವಿನ ಹಿಂಡಿಗೆ ಅಷ್ಟೇ ಮರಳು ಸೇರಿಸಿ ಗರಿಯ ಸಂದಿಗೆ. ಅದು ಮಾಡಿದ ತೂತಲ್ಲಿ ಆಮೇಲೆ ಕೆಂಪು ಮೂತಿ ಹುಳ ಬಂದ್ರೆ ಶ್ರಾದ್ಧಕ್ಕೆ ದಿನ ನೋಡುದೊಂದೇ ಬಾಕಿ.”

ರಾಜಣ್ಣ ಎಲ್ಲ ಬರೆದುಕೊಂಡ. ಆಮೇಲೆ ಮೆಲ್ಲಗೆ, “ಗೇಟಿನ ಮೇಲೆ ಕರೆಂಟ್ ಲೈನ್ ಹೋಗಿದೆ. ಮರ ಅಲ್ಲಿ ತನಕ ಬಂದ್ರೆ ತಲೆ ಸ್ವಲ್ಪ ಕಡಿಸಿದ್ರಾಯ್ತಲ್ಲ?”

ಯಾರೂ ಮಾತಾಡಲಿಲ್ಲ. ಶಿವಣ್ಣ ಅವನ ಕೈಯಿಂದ ಪೆನ್ನು ತೆಗೆದುಕೊಂಡು, ನ್ಯಾಪ್ಕಿನ್ ಮೇಲೆ ಒಂದು ಉದ್ದ ಗೀಟು ಎಳೆದು, ತುದಿಗೆ ಒಂದು ಚುಕ್ಕೆ ಇಟ್ಟ.

“ಇಡೀ ಮರದಲ್ಲಿ ಚಿಗುರೋ ಜಾಗ ಇದೊಂದೇ. ಇದನ್ನ ಕಡಿದ್ರೆ ನಿನ್ನ ಹತ್ರ ಉಳಿಯೋದು ಇನ್ನೊಂದು ಕರೆಂಟ್ ಕಂಬ.”

“ಲೈನ್ ಎಷ್ಟೆತ್ತರ ಅದ?” ಕೇಳಿದರು ಬಸಣ್ಣ.

“25 ಅಡಿ.”

“ಹಂಗಾದ್ರ ನೀವು 30 ಅಡಿ ಮರ ತಂದು ಎಲ್ಲಿ ನಿಲ್ಲಸವ್ರಿದ್ರಿ?”

ರಾಜಣ್ಣ ಬರೆದ ಹಾಳೆ ಮಡಚಿ ಜೇಬಿಗಿಟ್ಟ. ರಸ್ತೆಯ ಒಳಗಡೆ, ಲೈನಿನಿಂದ ದೂರಕ್ಕೆ, ಸೊಂಟದೆತ್ತರದ ಇಪ್ಪತ್ತು ರೊಬಸ್ಟಾ ಗಿಡಕ್ಕೆ ಶಿವಣ್ಣನ ಜೊತೆ ಮಾತಾಯಿತು. 15 ಅಡಿಗೊಂದು, ಮಳೆ ಇರುವಾಗಲೇ ನೆಡುವುದು.

“ಮತ್ತೆ ದಸರಾ ಓಪನಿಂಗಿಗೆ ಗೇಟಿಗೆ ಎಂಥ ಮಾಡುದು?” ಭಟ್ರು ಕೇಳಿದರು.

“ಇನ್ನೇನು, ಬಾಳೆಕಂಬ ಕಟ್ತೀನಿ. ಶಿವಣ್ಣ, ಅದನ್ನ ಎಷ್ಟಾಳಕ್ಕೆ ನೆಡಬೇಕು?”